ಹೊಸ ಯಂತ್ರಕ್ಕೆ ನಿಧಾನ ಕಲಿಸುವುದು

ಮೊದಲಿಗೆ ಒಂದು ವಿಚಿತ್ರವನ್ನು ನಿಮ್ಮ ಮುಂದಿಡುತ್ತೇನೆ. ‘ಪೂಲ್ ಆಫ್ ರೇಡಿಯನ್ಸ್’ ಎಂಬ ರೋಲ್ ಪ್ಲೇಯಿಂಗ್ ಆಟ, ಅಂದರೆ ಪಾತ್ರಗಳನ್ನು ಕಟ್ಟಿ ಬೆಳೆಸುತ್ತಾ ಕಥೆಯೊಳಗೆ ಸಾಗುವ ಆಟ, ಬಂದದ್ದು 1988ರಲ್ಲಿ, ಕೆಲವೇ ಫ್ಲಾಪಿಗಳಲ್ಲಿ ಅಡಕವಾಗಿ. ಅಂದು ಅದನ್ನು ಓಡಿಸುತ್ತಿದ್ದ ಕಂಪ್ಯೂಟರಿನ ಪಕ್ಕದಲ್ಲಿಟ್ಟರೆ ನಿಮ್ಮ ಜೇಬಿನಲ್ಲಿರುವ ಮೊಬೈಲ್ ಸಾವಿರಾರು ಪಟ್ಟು ಬಲಶಾಲಿ. ಆದರೂ ಆ ಆಟದ ಫೈಲನ್ನು ಇಂದಿನ ವಿಂಡೋಸ್‌ನಲ್ಲಿ ತೆರೆಯಲು ಹೋಗಿ ನೋಡಿ. ಈ ಪ್ರೋಗ್ರಾಂ ನಿಮ್ಮ ಕಂಪ್ಯೂಟರಿನಲ್ಲಿ ಓಡುವುದಿಲ್ಲ ಎಂಬ ಖಡಾಖಂಡಿತ ಉತ್ತರ ಬರುತ್ತದೆ. ಬೆಟ್ಟ ಹೊರುವವನಿಗೆ ಕಡ್ಡಿ ಎತ್ತಲು ಬಾರದಂತೆ.

ಕಾರಣ ಸರಳ. ಆ ಆಟ ಬರೆದದ್ದು ವಿಂಡೋಸ್‌ಗೂ ಮುಂಚಿನ ಡಾಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಗಾಗಿ. 32 ಬಿಟ್‌ನ ವಿಂಡೋಸ್ ಆವೃತ್ತಿಗಳಲ್ಲಿ ಡಾಸ್ ಪ್ರೋಗ್ರಾಂಗಳಿಗೆಂದೇ ಒಂದು ಪ್ರತ್ಯೇಕ ವ್ಯವಸ್ಥೆ ಇತ್ತು. ಹಳೆಯ 8086 ಚಿಪ್‌ನಂತೆ ನಟಿಸಬಲ್ಲ ಒಂದು ವಿಧಾನವನ್ನು ಪ್ರೊಸೆಸರ್ ತಾನೇ ಒದಗಿಸುತ್ತಿತ್ತು, ವಿಂಡೋಸ್ ಅದನ್ನು ಬಳಸಿಕೊಳ್ಳುತ್ತಿತ್ತು. ಪ್ರೊಸೆಸರ್ 64 ಬಿಟ್ ವಿಧಾನಕ್ಕೆ ಹೊರಳಿದಾಗ ಆ ನಟನೆಗೆ ಅಲ್ಲಿ ಜಾಗವೇ ಉಳಿಯಲಿಲ್ಲ. 2021ರಲ್ಲಿ ಬಂದ ವಿಂಡೋಸ್ 11 ಅಂತೂ 64 ಬಿಟ್‌ನಲ್ಲಿ ಮಾತ್ರ ಸಿಗುತ್ತದೆ. ಅಂದರೆ ಬಾಗಿಲು ಪೂರ್ತಿ ಮುಚ್ಚಿದೆ. ನಿಜ ಹೇಳಬೇಕೆಂದರೆ ಬಾಗಿಲು ತೆರೆದಿದ್ದ ಕಾಲದಲ್ಲೂ ಒಳಗೆ ಹೋದವರಿಗೆ ಸುಖವಿರಲಿಲ್ಲ; ಧ್ವನಿ ಹರಕಲು, ವೇಗ ಅಂಕೆ ಮೀರಿದ್ದು, ಚಿತ್ರ ಬಂದರೆ ಪುಣ್ಯ.

ಈ ಸಮಸ್ಯೆಯಿಂದ ಪಾರುಮಾಡಿದ್ದು ಎಮ್ಯುಲೇಟರ್, ಅಂದರೆ ಬೇರೊಂದು ಯಂತ್ರದಂತೆ ನಟಿಸುವ ತಂತ್ರಾಂಶ. ಡಾಸ್ ಆಟಗಳ ಮಟ್ಟಿಗೆ ಎಮ್ಯುಲೇಟರ್ ಎಂದರೆ ಬಹುತೇಕ ಡಾಸ್‌ಬಾಕ್ಸ್ ಎಂದೇ ಅರ್ಥ. 2002ರಲ್ಲಿ ಮೊದಲು ಬಿಡುಗಡೆಯಾದ ಉಚಿತ ತಂತ್ರಾಂಶ ಇದು. ಇದರ 0.74ನೇ ಆವೃತ್ತಿ 2010ರಲ್ಲಿ ಬಂತು; 2019ರಲ್ಲಿ ಅದಕ್ಕೊಂದು ತಿದ್ದುಪಡಿ ಬಂದ ಮೇಲೆ ಮೂಲ ಯೋಜನೆ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಈಗ ಚುರುಕಾಗಿರುವುದು ಅದರ ಕವಲುಗಳು: ಡಾಸ್‌ಬಾಕ್ಸ್ ಸ್ಟೇಜಿಂಗ್ ಒಂದು, ಡಾಸ್‌ಬಾಕ್ಸ್ ಎಕ್ಸ್ ಇನ್ನೊಂದು. ಹೊಸದಾಗಿ ಶುರುಮಾಡುವವರು ಸ್ಟೇಜಿಂಗ್ ಹಿಡಿಯುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಅದರ ಪೂರ್ವನಿಗದಿಗಳು ಹದವಾಗಿವೆ.

ಡಾಸ್‌ಬಾಕ್ಸ್ ನಿಮ್ಮ ಪ್ರೊಸೆಸರಿನ ಸೌಜನ್ಯವನ್ನು ಕೇಳುವುದಿಲ್ಲ. ಹಳೆಯ ಇಂಟೆಲ್ ಚಿಪ್‌ನ ಒಂದೊಂದು ಆದೇಶವನ್ನೂ ತಾನೇ ಓದಿ, ಅದರ ಫಲವನ್ನು ತಾನೇ ಒದಗಿಸುತ್ತದೆ. ಚಿಪ್ ಮಾತ್ರವಲ್ಲ, ವೀಡಿಯೊ ಕಾರ್ಡ್, ಸೌಂಡ್ ಕಾರ್ಡ್, ಗಡಿಯಾರದ ಚಿಪ್, ಮೌಸ್, ಜೊತೆಗೆ ಡಾಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಎಲ್ಲವೂ ತಂತ್ರಾಂಶದ ವೇಷಗಳೇ. ಹೀಗಾಗಿ ಇಂಟೆಲ್ ಚಿಪ್ ಇಲ್ಲದ ಕಂಪ್ಯೂಟರಿನಲ್ಲೂ, ಮೊಬೈಲಿನಲ್ಲೂ ಇದು ಓಡುತ್ತದೆ. ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು ಇದು: ನೀವು ಈ ಎಮ್ಯುಲೇಟರಿನಲ್ಲಿ ಬದಲಿಸುವ ಪ್ರತಿಯೊಂದು ಸಂಯೋಜನೆಯೂ (ಸೆಟ್ಟಿಂಗ್) ಹೊಸ ಯಂತ್ರದ ಮೇಲೆ ಹಳೆಯ ಯಂತ್ರದ ಒಂದು ಕೊರತೆಯನ್ನು ಹೇರುತ್ತದೆ. ಆಟ ಬರೆದವರು ಆ ಕೊರತೆಗಳನ್ನು ನಂಬಿಕೊಂಡೇ ಬರೆದಿದ್ದರು. ರೋಲ್ ಪ್ಲೇಯಿಂಗ್ ಆಟಗಳಲ್ಲಂತೂ ಆ ನಂಬಿಕೆ ಕಂಪ್ಯೂಟರನ್ನೂ ದಾಟಿ ಕಾಗದದವರೆಗೆ ಹೋಗಿತ್ತು. ಆ ಕಡೆಗೆ ಆಮೇಲೆ ಬರುತ್ತೇನೆ.

ಕೆಲಸ ಶುರುವಾಗುವುದು ಒಂದು ಫೋಲ್ಡರಿನಿಂದ. ಆಟಗಳಿಗೆಂದೇ ಒಂದು ಫೋಲ್ಡರ್ ಮಾಡಿ, ಅದರೊಳಗೆ ಪ್ರತಿ ಆಟಕ್ಕೂ ಒಂದೊಂದು ಉಪಫೋಲ್ಡರ್ ಮಾಡಿ. ಹೆಸರು ಎಂಟು ಅಕ್ಷರ ಮೀರದಿರಲಿ, ನಡುವೆ ಖಾಲಿ ಜಾಗ ಬೇಡ. ಡಾಸ್‌ಗೆ ಅದಕ್ಕಿಂತ ಉದ್ದದ ಹೆಸರು ಗೊತ್ತಿಲ್ಲ. ಡಾಸ್‌ಬಾಕ್ಸ್ ತೆರೆದಾಗ ಕಪ್ಪು ಪರದೆಯ ಮೇಲೆ ಮಿನುಗುವ ಗೆರೆಯೊಂದು ನಿಮಗಾಗಿ ಕಾಯುತ್ತಿರುತ್ತದೆ. ನಿಮ್ಮ ಹಾರ್ಡ್ ಡಿಸ್ಕ್‌ನ ಸುದ್ದಿಯೇ ಅದಕ್ಕೆ ತಿಳಿಯದು. ಮೌಂಟ್ ಎಂಬ ಕಮಾಂಡ್ ಕೊಟ್ಟು, ಸಿ ಎಂದು ಬರೆದು, ನಿಮ್ಮ ಫೋಲ್ಡರಿನ ವಿಳಾಸ ಬರೆದರೆ, ಆ ಫೋಲ್ಡರೇ ಅದರ ಪಾಲಿನ ಸಿ ಡ್ರೈವ್ ಆಗುತ್ತದೆ. ಆಮೇಲೆ ಸಿ ಮತ್ತು ಕೋಲನ್ ಒತ್ತಿ ಒಳಹೊಕ್ಕು, ಸಿಡಿ ಕಮಾಂಡ್‌ನಿಂದ ಆಟದ ಫೋಲ್ಡರಿಗೆ ಹೋಗಿ, ಆಟದ ಫೈಲಿನ ಹೆಸರು ಬರೆದರೆ ಆಯಿತು. ಒಂದು ಎಚ್ಚರಿಕೆ: ಸೋಮಾರಿತನದಿಂದ ನಿಮ್ಮ ಇಡೀ ನಿಜವಾದ ಸಿ ಡ್ರೈವನ್ನೇ ಮೌಂಟ್ ಮಾಡಬೇಡಿ. ಒಳಗೆ ಓಡುವ ಪ್ರೋಗ್ರಾಂ ಫೈಲ್ ಅಳಿಸಿದರೆ ಅದು ನಿಜವಾಗಿಯೂ ಅಳಿಯುತ್ತದೆ. ಅಲ್ಲಿನ ವೇಷದೊಳಗೆ ವೇಷವಲ್ಲದ್ದು ಅದೊಂದೇ.

ಸಿಡಿಯಲ್ಲಿ ಬಂದ ಆಟಗಳಿಗೆ ಐಎಮ್‌ಜಿಮೌಂಟ್ (imgmount) ಎಂಬ ಬೇರೆ ಕಮಾಂಡ್ ಇದೆ. ಸಿಡಿಯ ಪ್ರತಿಯಾದ ಐಎಸ್‌ಒ ಅಥವಾ ಕ್ಯೂ ಫೈಲನ್ನು ಡಿ ಡ್ರೈವಾಗಿ ತೋರಿಸುತ್ತದೆ. ಸಂಗೀತ ಸಿಡಿಯ ಹಾಡುಗಳ ರೂಪದಲ್ಲೇ ಇದ್ದರೆ ಕ್ಯೂ ಫೈಲ್ ಬೇಕೇ ಬೇಕು. ಇವನ್ನೆಲ್ಲ ಪ್ರತಿಸಲ ಬರೆಯುವ ಗೋಜು ಬೇಡವೆಂದರೆ, ಸಂಯೋಜನಾ ಫೈಲಿನ ಕೊನೆಯಲ್ಲಿ ಆಟೋಎಕ್ಸೆಕ್ ಎಂಬ ಭಾಗವಿದೆ, ಅಲ್ಲಿ ಬರೆದಿಡಿ. ಪ್ರತಿ ಆಟಕ್ಕೂ ಪ್ರತ್ಯೇಕ ಸಂಯೋಜನಾ ಫೈಲ್ ಇಟ್ಟುಕೊಳ್ಳುವುದು ಇನ್ನೂ ಜಾಣತನ. ಏಕೆಂದು ಈಗ ತಿಳಿಯುತ್ತದೆ.

ವೇಗದ ವಿಷಯಕ್ಕೆ ಬರೋಣ. ಮೊದಲ ಐಬಿಎಮ್ ಪಿಸಿ 1981ರಲ್ಲಿ ಬಂದಾಗ ಅದರ ಚಿಪ್ 4.77 ಮೆಗಾಹರ್ಟ್ಸ್ ಲೆಕ್ಕದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 47.7 ಲಕ್ಷ ಬಾರಿ, ಮಿಡಿಯುತ್ತಿತ್ತು. ಆ ಕಾಲದ ಅನೇಕ ಪ್ರೋಗ್ರಾಮರುಗಳು ಕಾಲವನ್ನು ಅಳೆಯಲು ಗಡಿಯಾರವನ್ನೇ ನೋಡುತ್ತಿರಲಿಲ್ಲ. ದೆವ್ವವೊಂದು ಹೆಜ್ಜೆ ಹಾಕಿ ಮತ್ತೊಂದು ಹೆಜ್ಜೆ ಹಾಕುವ ನಡುವೆ ವಿರಾಮ ಬೇಕೆಂದರೆ, ಚಿಪ್‌ಗೆ ಒಂದರಿಂದ ಕೆಲವು ಸಾವಿರದವರೆಗೆ ಸುಮ್ಮನೆ ಎಣಿಸು ಎಂದು ಹೇಳಿ ಸುಮ್ಮನಾಗುತ್ತಿದ್ದರು. ಎಲ್ಲರ ಬಳಿಯೂ ಒಂದೇ ವೇಗದ ಯಂತ್ರ ಇದ್ದಾಗ ಇದು ಸಾಕಾಗಿತ್ತು. ವೇಗದ ಯಂತ್ರ ಬಂದಂತೆಲ್ಲ ಎಣಿಕೆ ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗತೊಡಗಿತು. ದೆವ್ವ ನಿಮ್ಮನ್ನು ಕಂಡು, ಬಂದು, ಕೊಂದು ಮುಗಿಸಿದ ಮೇಲೆ ನಿಮ್ಮ ಬೆರಳು ಕೀಲಿಯನ್ನು ಮುಟ್ಟುತ್ತದೆ. ಯುದ್ಧದಲ್ಲಿ ಯಾರು ಯಾರನ್ನು ಹೊಡೆದರು ಎಂಬ ಸಾಲು ಮೂಡಿ ಮಾಯವಾದದ್ದೇ ಗೊತ್ತಾಗುವುದಿಲ್ಲ. ಹಳೆಯ ಕಂಪ್ಯೂಟರುಗಳ ಮುಂಭಾಗದಲ್ಲಿ ಟರ್ಬೊ ಎಂಬ ಗುಂಡಿ ಇರುತ್ತಿತ್ತಲ್ಲ, ಅದರ ನಿಜವಾದ ಉಪಯೋಗ ವೇಗ ಹೆಚ್ಚಿಸುವುದಲ್ಲ. ಇಂಥ ಪ್ರೋಗ್ರಾಂಗಳಿಗಾಗಿ ವೇಗ ತಗ್ಗಿಸುವುದು.

ಇಲ್ಲಿ ಒಂದು ಅಡ್ಡದಾರಿ ಹಿಡಿಯುತ್ತೇನೆ, ಕ್ಷಮೆ ಇರಲಿ. ಗಡಿಯಾರ ನೋಡಿ ಬರೆದವರೂ ತಪ್ಪಿಸಿಕೊಳ್ಳಲಿಲ್ಲ. ಟರ್ಬೊ ಪ್ಯಾಸ್ಕಲ್ ಎಂಬ ಜನಪ್ರಿಯ ಭಾಷೆಯಲ್ಲಿ ಬರೆದ ಅನೇಕ ಪ್ರೋಗ್ರಾಂಗಳು ಶುರುವಾಗುವಾಗ ಯಂತ್ರದ ವೇಗವನ್ನು ತಾವೇ ಅಳೆದುಕೊಳ್ಳುತ್ತಿದ್ದವು. ಪಿಸಿಯ ಗಡಿಯಾರ ಸೆಕೆಂಡಿಗೆ ಸುಮಾರು 18.2 ಬಾರಿ ಟಿಕ್ ಎನ್ನುತ್ತದೆ, ಅಂದರೆ ಒಂದು ಟಿಕ್‌ಗೆ 55 ಮಿಲಿಸೆಕೆಂಡು. ಆ ಅವಧಿಯಲ್ಲಿ ಎಷ್ಟು ಸುತ್ತು ಎಣಿಸಲಾಯಿತು ಎಂದು ನೋಡಿ ಅದನ್ನು 55ರಿಂದ ಭಾಗಿಸುತ್ತಿದ್ದವು. ಯಂತ್ರಗಳು 200 ಮೆಗಾಹರ್ಟ್ಸ್ ಆಸುಪಾಸಿಗೆ ಬಂದಾಗ ಭಾಗಲಬ್ಧ ಎಷ್ಟು ದೊಡ್ಡದಾಯಿತೆಂದರೆ, ಅದಕ್ಕೆಂದು ಇಟ್ಟಿದ್ದ 16 ಬಿಟ್ ಜಾಗದಲ್ಲಿ ಹಿಡಿಸಲಿಲ್ಲ. ‘ರನ್‌ಟೈಮ್ ಎರರ್ 200’ ಎಂದು ಹೇಳಿ ಪ್ರೋಗ್ರಾಂ ಹುಟ್ಟುವ ಮೊದಲೇ ಸಾಯುತ್ತಿತ್ತು. ದೋಷ ಸಂಖ್ಯೆ 200, ವೇಗವೂ 200. ಇದು ಬರೀ ಕಾಕತಾಳೀಯ, ಆದರೆ ಅಂದು ತಲೆ ಕೆಡಿಸಿಕೊಂಡವರಿಗೆ ಹಾಗೆ ಕಾಣಲಿಲ್ಲ.

ಡಾಸ್‌ಬಾಕ್ಸ್‌ನಲ್ಲಿ ಇದಕ್ಕೆಲ್ಲ ಮದ್ದು ಸೈಕಲ್ಸ್ ಎಂಬ ಒಂದು ಸಂಖ್ಯೆ. ಒಂದು ಮಿಲಿಸೆಕೆಂಡಿನಲ್ಲಿ ಎಷ್ಟು ಆದೇಶಗಳನ್ನು ನಡೆಸಬೇಕು ಎಂಬುದನ್ನು ಅದು ಹೇಳುತ್ತದೆ. ಮೂಲ ಆವೃತ್ತಿಯ ಪೂರ್ವನಿಗದಿ 3000. ಎಂಬತ್ತರ ದಶಕದ ಕೊನೆಯ ಆಟಗಳಿಗೆ ಇದು ಬಹುಪಾಲು ಸರಿಹೋಗುತ್ತದೆ. ಅದಕ್ಕೂ ಹಿಂದಿನವಕ್ಕೆ ಕೆಲವು ನೂರು ಸಾಕು. 1992–93ರ ಆಟಗಳು 486 ಚಿಪ್ ಬಯಸಿದ್ದವಾದರೆ ಇಪ್ಪತ್ತರಿಂದ ಮೂವತ್ತು ಸಾವಿರದ ಹತ್ತಿರ ಕೊಟ್ಟು ನೋಡಿ. ಆಟ ಓಡುತ್ತಿರುವಾಗಲೇ ಕಂಟ್ರೋಲ್ ಜೊತೆ ಎಫ್ 11 ಒತ್ತಿದರೆ ವೇಗ ಇಳಿಯುತ್ತದೆ, ಎಫ್ 12 ಒತ್ತಿದರೆ ಏರುತ್ತದೆ. ಕೋಷ್ಟಕಗಳನ್ನು ಹುಡುಕುತ್ತಾ ಕೂರುವ ಬದಲು ಆಟದೊಳಗೆ ಒಂದು ಪಾತ್ರವನ್ನು ನಡೆಸುತ್ತಾ, ಕಿವಿಯಿಂದ ತಂತಿ ಶ್ರುತಿ ಮಾಡುವಂತೆ ಏರಿಸಿ ಇಳಿಸಿ ನೋಡಿ. ನಡಿಗೆ ಸಹಜವಾಗಿ ಕಂಡಾಗ ಆ ಸಂಖ್ಯೆಯನ್ನು ಆ ಆಟದ ಸಂಯೋಜನಾ ಫೈಲಿನಲ್ಲಿ ಬರೆದಿಡಿ. ಮ್ಯಾಕ್ಸ್ ಎಂದು ಬರೆದು ಎಲ್ಲ ಆಟಕ್ಕೂ ಅದನ್ನೇ ಅಂಟಿಸುವವರಿದ್ದಾರೆ. ಅವರೇ ಆಮೇಲೆ ಹಳೆಯ ಆಟಗಳು ವಿಪರೀತ ಕಷ್ಟ ಎಂದು ದೂರುತ್ತಾರೆ.

ಇನ್ನು ಮೆಮೊರಿ. 8086 ಚಿಪ್ ವಿಳಾಸಕ್ಕೆ 20 ಬಿಟ್ ಬಳಸುತ್ತಿದ್ದುದರಿಂದ ಒಂದು ಮೆಗಾಬೈಟಿನ ಆಚೆಗೆ ಅದಕ್ಕೆ ಜಗತ್ತೇ ಇರಲಿಲ್ಲ. ಅದರಲ್ಲೂ ಮೇಲಿನ 384 ಕಿಲೋಬೈಟನ್ನು ವೀಡಿಯೊ ಮತ್ತಿತರ ಯಂತ್ರಭಾಗಗಳಿಗೆ ಕಾದಿರಿಸಿ, 640 ಕಿಲೋಬೈಟನ್ನು ಪ್ರೋಗ್ರಾಂಗಳಿಗೆ ಬಿಟ್ಟಿದ್ದರು. ಆಟಗಳು ದೊಡ್ಡದಾದಂತೆ ಈ 640ರ ಗೋಡೆಯನ್ನು ಹಾರಲು ಇಎಮ್‌ಎಸ್, ಎಕ್ಸ್‌ಎಮ್‌ಎಸ್ ಎಂಬ ಎರಡು ಏಣಿಗಳು ಬಂದವು. ಯಾವ ಆಟಕ್ಕೆ ಯಾವ ಏಣಿ ಎಂಬುದು ಅಂದಿನ ಆಟಗಾರರ ನಿತ್ಯದ ತಲೆನೋವು. ಕಾನ್ಫಿಗ್ ಡಾಟ್ ಸಿಸ್ ಎಂಬ ಫೈಲನ್ನು ತಿದ್ದಿ ತಿದ್ದಿ, ಮೌಸ್ ಬೇಕೋ ಧ್ವನಿ ಬೇಕೋ ಎಂದು ಆರಿಸಬೇಕಾದ ಸ್ಥಿತಿ. ಒಂದೊಂದು ಆಟಕ್ಕೂ ಒಂದೊಂದು ಬೂಟ್ ಫ್ಲಾಪಿ ಮಾಡಿಟ್ಟುಕೊಳ್ಳುವುದು ಸಾಮಾನ್ಯವಾಗಿತ್ತು.

ಈ ಸಂಕಟದ ಶಿಖರ ಎಂದರೆ 1992ರ ‘ಅಲ್ಟಿಮಾ 7’. ಅಷ್ಟು ವಿಶಾಲವಾದ, ಅಷ್ಟು ಜೀವಂತವಾದ ಲೋಕವನ್ನು ಅದುವರೆಗೆ ಪಿಸಿಯಲ್ಲಿ ಯಾರೂ ಕಂಡಿರಲಿಲ್ಲ. ಊರಿನ ಜನ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾರೆ, ರಾತ್ರಿ ಮಲಗುತ್ತಾರೆ. ನೀವು ಹಿಟ್ಟಿಗೆ ನೀರು ಬೆರೆಸಿ ಕಣಕ ಮಾಡಿ ಒಲೆಗೆ ಇಟ್ಟರೆ ಬ್ರೆಡ್ ಆಗುತ್ತದೆ. ಇಷ್ಟನ್ನೆಲ್ಲ ಮೆಮೊರಿಯಲ್ಲಿ ತುರುಕಲು ಅದನ್ನು ಮಾಡಿದವರು ಇಎಮ್‌ಎಸ್, ಎಕ್ಸ್‌ಎಮ್‌ಎಸ್ ಎರಡನ್ನೂ ಬಿಟ್ಟು ವೂಡೂ ಎಂಬ ತಮ್ಮದೇ ಮೆಮೊರಿ ವ್ಯವಸ್ಥೆಯನ್ನು ಕಟ್ಟಿದರು. ಪ್ರೊಸೆಸರನ್ನು ಅಧಿಕೃತ ಕೈಪಿಡಿಗಳಲ್ಲಿ ಇಲ್ಲದ ಒಂದು ಅರೆಬರೆ ಸ್ಥಿತಿಗೆ ತಂದು, ನೇರವಾಗಿ ಇಡೀ ಮೆಮೊರಿಗೆ ಕೈಹಾಕುವ ಸಾಹಸ ಅದು. ಇಎಮ್‌ಎಸ್ ಒದಗಿಸುವ ಇಎಮ್‌ಎಮ್ 386 ಎಂಬ ಪ್ರೋಗ್ರಾಂ ಇದ್ದರೆ ಎರಡಕ್ಕೂ ಹೊಂದುತ್ತಿರಲಿಲ್ಲ. ಉಳಿದ ಎಲ್ಲ ಪ್ರೋಗ್ರಾಂಗಳಿಗೂ ಬೇಕಾದದ್ದನ್ನು ಈ ಒಂದು ಆಟಕ್ಕಾಗಿ ತೆಗೆದುಹಾಕಬೇಕಿತ್ತು. ಇಂದು ಡಾಸ್‌ಬಾಕ್ಸ್‌ನಲ್ಲಿ ಅದು ಗೊಣಗಿದರೆ ಸಂಯೋಜನಾ ಫೈಲಿನಲ್ಲಿ ಇಎಮ್‌ಎಸ್ ಎದುರಿಗೆ ಫಾಲ್ಸ್ ಎಂದು ಬರೆಯಿರಿ, ಮೊದಲು ನೋಡಬೇಕಾದ ಜಾಗ ಅದೇ. ಅಂದು ಗಂಟೆಗಟ್ಟಲೆ ನುಂಗುತ್ತಿದ್ದ ಕೆಲಸ ಈಗ ಒಂದು ಪದ.

ಮೆಮೊರಿಯ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಬೇರೆ ಇದೆ. ಆಟ ಶುರುಮಾಡಿದಾಗ ‘ಪ್ಯಾಕ್ಡ್ ಫೈಲ್ ಕರಪ್ಟ್’ ಎಂಬ ಸಂದೇಶ ಬರುವುದುಂಟು. ಫೈಲ್ ಹಾಳಾಗಿದೆ ಎಂದು ಯಾರಾದರೂ ನಂಬುತ್ತಾರೆ. ಫೈಲ್‌ಗೆ ಏನೂ ಆಗಿರುವುದಿಲ್ಲ. ಮೆಮೊರಿ ಅತಿಯಾಗಿ ಖಾಲಿ ಇದೆ, ಅಷ್ಟೇ. ಹಳೆಯ ಪ್ರೋಗ್ರಾಂಗಳನ್ನು ಕುಗ್ಗಿಸಿಡುತ್ತಿದ್ದ ಒಂದು ಸಾಧನವಿತ್ತು. ಮೊದಲ 64 ಕಿಲೋಬೈಟಿನೊಳಗೆ ಡಾಸ್ ಕುಳಿತಿರುತ್ತದೆ, ತನ್ನ ಪ್ರೋಗ್ರಾಂ ಅದರ ಮೇಲೆಯೇ ಬರುತ್ತದೆ ಎಂದು ಅದು ಭಾವಿಸಿತ್ತು. 1991ರ ಡಾಸ್ 5 ತಾನೇ ಪಕ್ಕಕ್ಕೆ ಸರಿದು ಕೆಳಗಿನ ಜಾಗ ಬಿಟ್ಟುಕೊಟ್ಟಾಗ, ಪ್ರೋಗ್ರಾಂಗಳು ಆ ಖಾಲಿ ಜಾಗಕ್ಕೆ ಇಳಿದು, ಬಿಚ್ಚಿಕೊಳ್ಳಲಾಗದೆ ಮುಗ್ಗರಿಸಿದವು. ಪರಿಹಾರಕ್ಕೆ ಲೋಡ್‌ಫಿಕ್ಸ್ ಎಂಬ ಕಮಾಂಡನ್ನು ಡಾಸ್ 5 ತಾನೇ ತಂದಿತು. ಡಾಸ್‌ಬಾಕ್ಸ್‌ನಲ್ಲೂ ಅದೇ ಹೆಸರಿನದು ಇದೆ. ಅದು ಮಾಡುವ ಕೆಲಸ ಕೇಳಿದರೆ ನಗು ಬರುತ್ತದೆ: 64 ಕಿಲೋಬೈಟ್ ಮೆಮೊರಿಯನ್ನು ಏನೂ ಮಾಡದೆ ಆಕ್ರಮಿಸಿಕೊಂಡು ಕೂರುತ್ತದೆ. ಒಂದೊಂದು ಕಿಲೋಬೈಟಿಗೂ ಹೋರಾಡುತ್ತಿದ್ದ ಕಾಲದಲ್ಲಿ, 64 ಕಿಲೋಬೈಟನ್ನು ವ್ಯರ್ಥ ಮಾಡುವುದೇ ಔಷಧ!

ಧ್ವನಿ, ಚಿತ್ರಗಳನ್ನು ಬೇಗ ಮುಗಿಸುತ್ತೇನೆ. ಆಟದ ಫೋಲ್ಡರಿನಲ್ಲಿ ಸೆಟಪ್ ಅಥವಾ ಇನ್‌ಸ್ಟಾಲ್ ಎಂಬ ಫೈಲ್ ಇದ್ದರೆ ಮೊದಲು ಅದನ್ನು ನಡೆಸಿ ಸೌಂಡ್ ಬ್ಲಾಸ್ಟರ್ ಎಂಬ ಸೌಂಡ್ ಕಾರ್ಡನ್ನು ಆರಿಸಿ. ವಿಳಾಸ 220, ಐಆರ್‌ಕ್ಯೂ 7, ಡಿಎಮ್‌ಎ 1 ಎಂದು ಕೊಡಿ. ಡಾಸ್‌ಬಾಕ್ಸ್ ತನ್ನ ಕಾರ್ಡನ್ನು ಅಲ್ಲೇ ಇಟ್ಟಿರುತ್ತದೆ. 1989ರ ಆ ಕಾರ್ಡ್ ಇಲ್ಲದ ಇನ್ನೂ ಹಳೆಯ ಆಟಗಳಲ್ಲಿ 1987ರ ಆಡ್‌ಲಿಬ್ ಎಂದಿರುತ್ತದೆ, ಅದೂ ನಡೆಯುತ್ತದೆ. ರೋಲ್ಯಾಂಡ್ ಎಂಟಿ 32 ಎಂಬ ಆಯ್ಕೆ ಕಂಡರೆ ಅದರ ಸಂಗೀತ ಬೇರೆಯೇ ಮಟ್ಟದ್ದು, ಆದರೆ ಅದಕ್ಕೆ ಆ ಉಪಕರಣದ ರೋಮ್ (ROM) ಫೈಲುಗಳು ಬೇಕು. ಚಿತ್ರದ ವಿಷಯದಲ್ಲಿ ಒಂದೇ ಮಾತು: ಆ ಆಟಗಳು 320 ಅಡ್ಡ, 200 ಉದ್ದ ಚುಕ್ಕಿಗಳಲ್ಲಿ ಬರೆದವು, ಆದರೆ ನಾಲ್ಕಕ್ಕೆ ಮೂರರ ಅನುಪಾತದ ಪರದೆ ತುಂಬಿಕೊಳ್ಳುತ್ತಿದ್ದವು. ಪ್ರತಿ ಚುಕ್ಕಿಯೂ ಅಗಲಕ್ಕಿಂತ 1.2 ಪಟ್ಟು ಎತ್ತರವಾಗಿತ್ತು. ಇಂದಿನ ಚೌಕ ಚುಕ್ಕಿಯ ಪರದೆಯಲ್ಲಿ ಹಾಗೇ ತೋರಿಸಿದರೆ ವೀರರೆಲ್ಲ ಕುಳ್ಳಗೆ, ದಪ್ಪಗೆ ಕಾಣುತ್ತಾರೆ. ಆಸ್ಪೆಕ್ಟ್ ಎಂಬುದನ್ನು ಟ್ರೂ ಮಾಡಿ. ಪರದೆ ಪೂರ್ತಿ ತುಂಬಲಿ ಎಂದು ಅಕ್ಕಪಕ್ಕಕ್ಕೆ ಎಳೆಯುವವರ ರುಚಿಯ ಬಗ್ಗೆ ನಾನು ಸಭೆಯಲ್ಲಿ ಮಾತನಾಡುವುದಿಲ್ಲ.

ಈಗ ಕಾಗದದ ವಿಷಯ. ಇಲ್ಲಿಯವರೆಗೆ ಹೇಳಿದ್ದೆಲ್ಲ ಯಾವ ಡಾಸ್ ಆಟಕ್ಕೂ ಅನ್ವಯಿಸುತ್ತದೆ. ರೋಲ್ ಪ್ಲೇಯಿಂಗ್ ಆಟಗಳ ನಿಜವಾದ ತೊಡಕು ಎಮ್ಯುಲೇಟರ್ ಸರಿಯಾಗಿ ಓಡತೊಡಗಿದ ಮೇಲೆ ಶುರುವಾಗುತ್ತದೆ. ಏಕೆಂದರೆ ಫ್ಲಾಪಿಯಲ್ಲಿದ್ದದ್ದು ಆಟದ ಅರ್ಧ ಮಾತ್ರ. ಉಳಿದರ್ಧ ಪೆಟ್ಟಿಗೆಯಲ್ಲಿತ್ತು.

‘ಪೂಲ್ ಆಫ್ ರೇಡಿಯನ್ಸ್’ ಶುರುವಾದ ಕೂಡಲೇ ಎರಡು ಅಪರಿಚಿತ ಲಿಪಿಚಿಹ್ನೆಗಳನ್ನು ತೋರಿಸಿ ಒಂದು ಪದ ಕೇಳುತ್ತದೆ. ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಇಟ್ಟ ರಟ್ಟಿನ ಚಕ್ರಗಳಿದ್ದವು. ಎರಡು ಚಿಹ್ನೆಗಳನ್ನು ಎದುರುಬದುರು ತಂದು, ಹೇಳಿದ ಕಿಂಡಿಯಲ್ಲಿ ಪದವನ್ನು ಓದಬೇಕು. ನಕಲು ತಡೆಯುವ ಉಪಾಯ ಅದು. ಒಳಗೆ ಹೋದ ಮೇಲೂ ಮುಗಿಯಲಿಲ್ಲ. ನೀವೊಂದು ಹಳೆಯ ಪತ್ರವನ್ನು ಪತ್ತೆಹಚ್ಚಿದಾಗ ಆಟ ಅದನ್ನು ತೋರಿಸುವುದಿಲ್ಲ. ಜರ್ನಲ್‌ನ ಇಂತಿಷ್ಟನೇ ನಮೂದನ್ನು ಓದಿ ಎನ್ನುತ್ತದೆ. ಜರ್ನಲ್ ಒಂದು ಅಚ್ಚಾದ ಪುಸ್ತಿಕೆ. ಫ್ಲಾಪಿಯಲ್ಲಿ ಜಾಗ ಉಳಿಸಲು ಗದ್ಯವನ್ನೆಲ್ಲ ಕಾಗದಕ್ಕೆ ಸಾಗಿಸಿದ್ದರು. ಪುಸ್ತಿಕೆಯನ್ನು ಮೊದಲೇ ಓದಿ ಕಥೆ ತಿಳಿದುಕೊಳ್ಳುವ ಕಳ್ಳರಿಗೆ ಬಲೆಯೂ ಇತ್ತು: ಅದರಲ್ಲಿನ ಹೆಂಡದಂಗಡಿಯ ಗಾಳಿಮಾತುಗಳಲ್ಲಿ ಕೆಲವು ಶುದ್ಧ ಸುಳ್ಳು.

ಅದೇ ವರ್ಷದ ‘ವೇಸ್ಟ್‌ಲ್ಯಾಂಡ್’ ಈ ಬಲೆಯನ್ನು ಇನ್ನೂ ಮುಂದಕ್ಕೆ ಒಯ್ದಿತು. ಅಣುಯುದ್ಧದ ನಂತರದ ಮರುಭೂಮಿಯ ಕಥೆ ಅದು. ಅದರ ಪ್ಯಾರಾಗಳ ಪುಸ್ತಿಕೆಯನ್ನು ಮೊದಲಿನಿಂದ ಓದುತ್ತಾ ಹೋದರೆ ಮಂಗಳ ಗ್ರಹದವರು ದಾಳಿಯಿಡುವ ಒಂದು ಉಪಕಥೆ ಕಾಣುತ್ತದೆ. ಆಟದಲ್ಲಿ ಎಲ್ಲಿಯೂ ಅದಿಲ್ಲ! ಕದ್ದು ಓದುವವರಿಗೆಂದೇ ಕುಳಿತು ಬರೆದ ಕಥೆ. ಇಂಥ ದುಷ್ಟ ವಿನೋದವನ್ನು ಯಾವ ಎಮ್ಯುಲೇಟರೂ ಮರುಸೃಷ್ಟಿಸಲಾರದು. ಆ ಪುಸ್ತಿಕೆ ನಿಮ್ಮ ಕೈಯಲ್ಲಿರಬೇಕು.

‘ಅಲ್ಟಿಮಾ 4’ರಲ್ಲಿ ಕಾಗದವೇ ಮಂತ್ರವಿದ್ಯೆ. ಯಾವ ಮಂತ್ರಕ್ಕೆ ಯಾವ ಮೂಲಿಕೆಗಳನ್ನು ಬೆರೆಸಬೇಕು ಎಂಬುದು ಬಹುಪಾಲು ಪುಸ್ತಕದಲ್ಲಿದೆ. ಬಟ್ಟೆಯ ಮೇಲೆ ಮುದ್ರಿಸಿದ ನಕಾಶೆಯ ಊರಿನ ಹೆಸರುಗಳು ರೂನ್ ಲಿಪಿಯಲ್ಲಿವೆ. ಕೀಬೋರ್ಡಿನ 26 ಅಕ್ಷರಗಳೂ ಒಂದೊಂದು ಆಜ್ಞೆ. ಎ ಒತ್ತಿದರೆ ದಾಳಿ, ಸಿ ಒತ್ತಿದರೆ ಮಂತ್ರ, ಕೊನೆಗೆ ಝಡ್‌ಗೂ ಒಂದು ಕೆಲಸ ಕೊಡಲು ‘ಸ್ಟ್ಯಾಟ್ಸ್’ ಎಂಬುದರ ಕಾಗುಣಿತವನ್ನೇ ತಿರುಚಿದ್ದಾರೆ. ಕೈಪಿಡಿ ಇಲ್ಲದೆ ಕುಳಿತವನು ಊರಿನ ಬಾಗಿಲನ್ನು ತೆರೆಯಲೂ ಒದ್ದಾಡುತ್ತಾನೆ, ಆಮೇಲೆ ಆಟ ಕೆಟ್ಟದ್ದು ಎನ್ನುತ್ತಾನೆ. ಹಳೆಯ ಆಟಗಳ ಬಗ್ಗೆ ಕೇಳಿಬರುವ ನಿಂದೆಯಲ್ಲಿ ಅರ್ಧಕ್ಕಿಂತ ಹೆಚ್ಚು, ಕೈಪಿಡಿ ಓದದವರ ನಿಂದೆ ಎಂದು ನನಗೆ ಅನ್ನಿಸುತ್ತದೆ.

ಮತ್ತೊಂದು ಕಾಗದವನ್ನು ಪೆಟ್ಟಿಗೆಯವರು ಕೊಡುತ್ತಿರಲಿಲ್ಲ, ಆಟಗಾರನೇ ತರಬೇಕಿತ್ತು. ಚೌಕುಳಿ ಹಾಳೆ. 1991ರ ‘ಐ ಆಫ್ ದ ಬಿಹೋಲ್ಡರ್’ ಒಂದು ಊರಿನ ಕೆಳಗಿನ ಚರಂಡಿಗಳಿಂದ ಶುರುವಾಗಿ ಕೆಳಕೆಳಗೆ ಇಳಿಯುತ್ತದೆ. ಎಲ್ಲ ಗೋಡೆಗಳೂ ಒಂದೇ ಥರ, ನಕಾಶೆ ಮಾತ್ರ ಇಲ್ಲ. ನಾಲ್ಕು ಹೆಜ್ಜೆಗೊಮ್ಮೆ ಪೆನ್ಸಿಲ್ ಹಿಡಿಯದಿದ್ದರೆ ದಾರಿ ತಪ್ಪುವುದು ಖಂಡಿತ. ಈಗ ‘ಗೋಲ್ಡ್ ಬಾಕ್ಸ್ ಕಂಪ್ಯಾನಿಯನ್’ನಂಥ ಸಹಾಯಕ ಪ್ರೋಗ್ರಾಂಗಳಿವೆ, ‘ಪೂಲ್ ಆಫ್ ರೇಡಿಯನ್ಸ್’ ಮತ್ತು ಅದರ ಬಳಗದ ಆಟಗಳು ಡಾಸ್‌ಬಾಕ್ಸ್‌ನಲ್ಲಿ ಓಡುತ್ತಿರುವಾಗ ಪಕ್ಕದಲ್ಲಿ ನಕಾಶೆ ತೋರಿಸುತ್ತವೆ. ಬಳಸುವುದರಲ್ಲಿ ಅವಮಾನವೇನಿಲ್ಲ. ಆದರೂ ಮೊದಲ ಒಂದೆರಡು ಅಂತಸ್ತನ್ನಾದರೂ ಕೈಯಿಂದ ಬರೆದು ನೋಡಿ. ತಿರುಗುಚಕ್ರದ ನೆಲ ನಿಮ್ಮ ದಿಕ್ಕನ್ನು ಗುಟ್ಟಾಗಿ ಬದಲಿಸಿದೆ ಎಂಬುದು ಹಾಳೆಯ ಮೇಲೆ ಎರಡು ಕೋಣೆಗಳು ಒಂದನ್ನೊಂದು ತುಳಿದಾಗಲೇ ಹೊಳೆಯುವುದು. ಆ ಒಗಟನ್ನು ಹೆಣೆದವರು ನಿಮ್ಮ ಪೆನ್ಸಿಲನ್ನು ಗಮನದಲ್ಲಿಟ್ಟುಕೊಂಡೇ ಹೆಣೆದಿದ್ದರು.

ಕಾಪಾಡಿಟ್ಟ (ಸೇವ್ ಮಾಡಿದ) ಆಟಗಳ ವಿಷಯದಲ್ಲಿ ಹುಷಾರಾಗಿರಬೇಕು. ‘ವೇಸ್ಟ್‌ಲ್ಯಾಂಡ್’ ತನ್ನ ಲೋಕದಲ್ಲಿ ನೀವು ಮಾಡಿದ ಬದಲಾವಣೆಗಳನ್ನು ಮೂಲ ಆಟದ ಫೈಲುಗಳ ಮೇಲೆಯೇ ಬರೆಯುತ್ತದೆ. ಹೊಸದಾಗಿ ಶುರುಮಾಡಿದರೂ ನೀವು ಹಿಂದೆ ಸುಟ್ಟ ಊರು ಸುಟ್ಟೇ ಇರುತ್ತದೆ. ಅಂದು ಫ್ಲಾಪಿಗಳ ನಕಲು ಮಾಡಿಕೊಂಡು ನಕಲಿನಲ್ಲೇ ಆಡಿ ಎಂದು ಕೈಪಿಡಿಗಳು ಹೇಳುತ್ತಿದ್ದವು. ಇಂದು ಆಟ ಶುರುಮಾಡುವ ಮುನ್ನ ಇಡೀ ಫೋಲ್ಡರಿನ ಒಂದು ಪ್ರತಿ ತೆಗೆದಿಡಿ. ಕಂಟ್ರೋಲ್ ಮತ್ತು ಎಫ್ 9 ಒಟ್ಟಿಗೆ ಒತ್ತಿದರೆ ಡಾಸ್‌ಬಾಕ್ಸ್ ಏನನ್ನೂ ಕೇಳದೆ ಮುಚ್ಚಿಕೊಳ್ಳುತ್ತದೆ, ಅದೂ ನೆನಪಿರಲಿ. ಮೌಸ್ ಕಿಟಕಿಯೊಳಗೆ ಸಿಕ್ಕಿಹಾಕಿಕೊಂಡಿದೆ ಎಂದು ಗಾಬರಿಯಾಗಿ ಸಿಕ್ಕಿದ್ದನ್ನೆಲ್ಲ ಒತ್ತುವವರು ಮೊದಲು ಮುಟ್ಟುವುದು ಅದನ್ನೇ. ಮೌಸ್ ಬಿಡಿಸಲು ಬೇಕಾದದ್ದು ಕಂಟ್ರೋಲ್ ಮತ್ತು ಎಫ್ 10.

ಡಾಸ್‌ಬಾಕ್ಸ್ ಎಕ್ಸ್‌ನಲ್ಲಿ ಯಾವ ಕ್ಷಣವನ್ನಾದರೂ ಹಾಗೆಯೇ ಹಿಡಿದಿಡುವ ಸೌಲಭ್ಯ ಇದೆ. ಅನುಕೂಲ ನಿಜ, ಆದರೆ ಎರಡು ಆಕ್ಷೇಪಗಳು. ಎಮ್ಯುಲೇಟರಿನ ಆವೃತ್ತಿ ಬದಲಾದರೆ ಆ ಕ್ಷಣಗಳು ತೆರೆಯದೇ ಹೋಗಬಹುದು. ಆಟವೇ ಬರೆದ ಫೈಲ್ ಮಾತ್ರ ಎಲ್ಲಿಯಾದರೂ ತೆರೆಯುತ್ತದೆ. ಎರಡನೆಯದು ರುಚಿಯ ಪ್ರಶ್ನೆ. ‘ವಿಝರ್ಡ್ರಿ’ಯಲ್ಲಿ ಪಾತ್ರ ಸತ್ತರೆ ಆಟ ಅದನ್ನು ತಕ್ಷಣ ಡಿಸ್ಕಿಗೆ ಬರೆದುಬಿಡುತ್ತದೆ. ಇನ್ನೂ ಒಂದು ಬಾಗಿಲು ತೆರೆಯೋಣವೇ, ಮೇಲೆ ಹತ್ತಿ ಹೋಗೋಣವೇ ಎಂಬ ಹೆದರಿಕೆಯೇ ಅಲ್ಲಿನ ಆಟ. ಪ್ರತಿ ಬಾಗಿಲಿಗೂ ಒಂದು ಕ್ಷಣ ಹಿಡಿದಿಟ್ಟುಕೊಂಡರೆ ಉಳಿಯುವುದು ಗೋಡೆಗಳ ಚಿತ್ರ ಮಾತ್ರ.

ಎಮ್ಯುಲೇಟರೇ ಬೇಕೇ ಎಂದು ಯಾರಾದರೂ ಕೇಳಬಹುದು. ಕೆಲವು ಆಟಗಳಿಗೆ ಬೇಡ. ಆಟದ ಚಿತ್ರ, ಕಥೆ, ಧ್ವನಿಗಳ ಫೈಲುಗಳನ್ನು ಹಾಗೇ ಇಟ್ಟುಕೊಂಡು, ಅದನ್ನು ನಡೆಸುವ ಪ್ರೋಗ್ರಾಂ ಮಾತ್ರ ಹೊಸದಾಗಿ ಬರೆದವರಿದ್ದಾರೆ. ‘ಅಲ್ಟಿಮಾ 7’ಕ್ಕೆ ಎಕ್ಸಲ್ಟ್ ಇದೆ. ಸ್ಕಮ್‌ವಿಎಮ್ ಈಗ ‘ಐ ಆಫ್ ದ ಬಿಹೋಲ್ಡರ್’, ‘ಲ್ಯಾಂಡ್ಸ್ ಆಫ್ ಲೋರ್’, ‘ವರ್ಲ್ಡ್ ಆಫ್ ಝೀನ್’ ಆಟಗಳನ್ನೂ ನಡೆಸುತ್ತದೆ. ‘ಡ್ಯಾಗರ್‌ಫಾಲ್’ ಆಟವನ್ನು ಹೊಸ ಎಂಜಿನ್ನಿಗೆ ತಂದ ‘ಡ್ಯಾಗರ್‌ಫಾಲ್ ಯೂನಿಟಿ’ 2023ರ ಕೊನೆಯಲ್ಲಿ ಒಂದನೇ ಆವೃತ್ತಿ ಮುಟ್ಟಿತು. ಆಟ ಆಡಿ ಮುಗಿಸುವುದಷ್ಟೇ ಗುರಿಯಾದರೆ ಇವೇ ಸುಗಮ. ಮೂಲ ಪ್ರೋಗ್ರಾಂ ತನ್ನ ಎಲ್ಲ ಓರೆಕೋರೆಗಳೊಂದಿಗೆ ಹೇಗಿತ್ತು ಎಂದು ನೋಡಬೇಕಾದರೆ ಡಾಸ್‌ಬಾಕ್ಸ್ ಬೇಕು. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ.

ಆಟ ಎಲ್ಲಿ ಸಿಗುತ್ತದೆ? ಮಾರಾಟ ನಿಂತ ಆಟಕ್ಕೆ ಒಡೆಯರಿಲ್ಲ ಎಂಬ ಮಾತನ್ನು ನಂಬಬೇಡಿ. ಮಾರುವುದನ್ನು ನಿಲ್ಲಿಸಿದ ಮಾತ್ರಕ್ಕೆ ಹಕ್ಕುಸ್ವಾಮ್ಯ ಮುಗಿಯುವುದಿಲ್ಲ. 2008ರಲ್ಲಿ ಶುರುವಾದ ಜಿಒಜಿ ಎಂಬ ಆನ್‌ಲೈನ್ ಮಳಿಗೆ ನಾನು ಹೆಸರಿಸಿದ ಬಹುತೇಕ ಆಟಗಳನ್ನು ಡಾಸ್‌ಬಾಕ್ಸ್ ಸಮೇತ, ಕೈಪಿಡಿಗಳ ಪಿಡಿಎಫ್ ಸಮೇತ ಮಾರುತ್ತದೆ. ‘ಅಲ್ಟಿಮಾ 4’ ಅಲ್ಲಿ ಉಚಿತ. ಬೆಥೆಸ್ಡಾ ಕಂಪನಿ 1994ರ ‘ಅರೀನಾ’ವನ್ನು 2004ರಲ್ಲಿ, 1996ರ ‘ಡ್ಯಾಗರ್‌ಫಾಲ್’ ಅನ್ನು 2009ರಲ್ಲಿ ತಾನಾಗಿಯೇ ಉಚಿತವಾಗಿ ಬಿಟ್ಟುಕೊಟ್ಟಿತು. ಇಂಟರ್ನೆಟ್ ಆರ್ಕೈವ್ 2015ರ ಜನವರಿಯಿಂದ ಎರಡು ಸಾವಿರಕ್ಕೂ ಹೆಚ್ಚು ಡಾಸ್ ಆಟಗಳನ್ನು ಬ್ರೌಸರಿನೊಳಗೇ ಓಡಿಸುತ್ತಿದೆ. ಇಣುಕಿ ನೋಡಲು ಅದು ಚೆನ್ನ. ವಾರಗಟ್ಟಲೆ ಬೆಳೆಸಬೇಕಾದ ತಂಡವನ್ನು ಮಾತ್ರ ಬ್ರೌಸರಿನ ಕೈಗೆ ಒಪ್ಪಿಸಬೇಡಿ. ಕಿಟಕಿ ಮುಚ್ಚಿದಾಗ ನಿಮ್ಮ ವೀರರೂ ಹೋಗಬಹುದು.

ಯಾವುದರಿಂದ ಶುರುಮಾಡಲಿ ಎಂದು ಕೇಳಿದರೆ ನನ್ನ ಉತ್ತರ 1992ರ ‘ಅಲ್ಟಿಮಾ ಅಂಡರ್‌ವರ್ಲ್ಡ್’. ‘ವುಲ್ಫನ್‌ಸ್ಟೈನ್ 3ಡಿ’ಗಿಂತ ತಿಂಗಳುಗಳ ಮೊದಲೇ ಬಂದು, ಅದರಲ್ಲಿ ಇಲ್ಲದ ಇಳಿಜಾರು ನೆಲ, ತಲೆಯೆತ್ತಿ ತಗ್ಗಿಸಿ ನೋಡುವ ದೃಷ್ಟಿ ಎಲ್ಲವನ್ನೂ ತೋರಿಸಿದ ಆಟ. ನಕಾಶೆ ತಾನಾಗಿಯೇ ಬರೆದುಕೊಳ್ಳುತ್ತದೆ, ಅದರ ಮೇಲೆ ನಿಮ್ಮ ಟಿಪ್ಪಣಿಗಳನ್ನೂ ಬರೆಯಬಹುದು. ಹೀಗಾಗಿ ಚೌಕುಳಿ ಹಾಳೆಯ ಕಷ್ಟ ಮೊದಲ ದಿನವೇ ಎದುರಾಗುವುದಿಲ್ಲ. ‘ಡ್ಯಾಗರ್‌ಫಾಲ್’ ಉಚಿತ ಎಂಬ ಕಾರಣಕ್ಕೆ ಅದಕ್ಕೇ ಮೊದಲು ಕೈಹಾಕುವವರು ಬಹಳ. ಆರಂಭದ ನೆಲಮಾಳಿಗೆಯಿಂದ ಹೊರಬರುವ ದಾರಿ ಸಿಗದೆ ಅಲ್ಲಿಗೇ ಬಿಟ್ಟವರೂ ಬಹಳ. ಆಡಲೇಬೇಕೆಂದರೆ ಪಾತ್ರ ಕಟ್ಟುವಾಗ ಆಯುಧವಿದ್ಯೆಗೆ ಒತ್ತು ಕೊಡಿ. ಆ ನೆಲಮಾಳಿಗೆಯಲ್ಲಿ ಕಂಡದ್ದರೊಂದಿಗೆಲ್ಲ ಕಾದಾಡಬೇಡಿ, ಬಾಗಿಲು ಕಂಡ ಕಡೆ ಓಡಿ. ಹೊರಗೆ ಹದಿನೈದು ಸಾವಿರಕ್ಕೂ ಮಿಕ್ಕಿದ ಊರು, ಗುಹೆ, ಗುಡಿಗಳಿವೆ, ಕಾದಾಟಕ್ಕೆ ಕೊರತೆಯಿಲ್ಲ.